ಬೀಸಿದ್ದು ಜೇನಿಗೆ, ವಿಮಾನಕ್ಕಲ್ಲ

1999ರ ಫೆಬ್ರವರಿ ತಿಂಗಳು. ನಮ್ಮ ತೋಟದಲ್ಲಿ ಕಾಳುಮೆಣಸಿನ ಕೊಯ್ಲು ಅರ್ಧ ಮುಗಿದಿತ್ತು. ನನಗಾಗ ಮೂವತ್ನಾಲ್ಕು ವರ್ಷ. ಸಕಲೇಶಪುರ ತಾಲ್ಲೂಕಿನ ಬೆಳಗೋಡಿನಿಂದ ಎರಡು ಮೈಲಿ ಒಳಗೆ ನಮ್ಮದು ಆರು ಎಕರೆ ಕಾಫಿ ತೋಟ. ನಮ್ಮ ಯಜಮಾನರು ಹೈಸ್ಕೂಲ್ ಮೇಷ್ಟರು. ಬೆಳಿಗ್ಗೆ ಬಸ್ಸಿಗೆ ಹೋದರೆ ಸಂಜೆಯೇ ಬರುವುದು. ಹಾಗಾಗಿ ಆಳು ಕರೆಯುವುದರಿಂದ ಹಿಡಿದು ಮೆಣಸು ಒಣಗಿಸಿ ಚೀಲ ಕಟ್ಟುವವರೆಗೆ ತೋಟದ ಕೆಲಸವೆಲ್ಲ ನನ್ನದೇ.

ಮೆಣಸು ಕೊಯ್ಯಲು ವರ್ಷಾವರ್ಷ ಬರುತ್ತಿದ್ದವನು ಈರಣ್ಣ. ನನಗಿಂತ ಹತ್ತು ವರ್ಷ ದೊಡ್ಡವನು. ನಮ್ಮ ಕಡೆ ಮೆಣಸಿನ ಬಳ್ಳಿಯನ್ನು ಸಿಲ್ವರ್ ಓಕ್ ಮರಗಳಿಗೆ ಹಬ್ಬಿಸುತ್ತೇವೆ. ಮರ ಬೆಳೆದಷ್ಟೂ ಬಳ್ಳಿ ಏರುತ್ತದೆ. ಮೂವತ್ತು, ಮೂವತ್ತೈದು ಅಡಿ ಮೇಲೆ ನಿಂತು ಗೊಂಚಲು ಬಿಡಿಸಬೇಕು. ಅದಕ್ಕೆ ಇರುವುದು ಒಂಟಿ ಬಿದಿರಿನ ಏಣಿ. ಒಂದೇ ಗಳು, ಗಿಣ್ಣಿನ ಹತ್ತಿರ ಕೊಂಬೆ ಸವರಿ ಉಳಿಸಿದ ಮೋಟುಗಳೇ ಮೆಟ್ಟಿಲು. ಏಣಿಯ ತುದಿಯನ್ನು ಮರಕ್ಕೆ ಹಗ್ಗದಿಂದ ಬಿಗಿದು, ಸೊಂಟಕ್ಕೆ ಚೀಲ ಕಟ್ಟಿಕೊಂಡು, ಒಂದು ಕೈಯಲ್ಲಿ ಮರ ತಬ್ಬಿ ಇನ್ನೊಂದು ಕೈಯಲ್ಲಿ ಕೊಯ್ಯುವ ಕೆಲಸ ಅದು. ಇಪ್ಪತ್ತೈದು ವರ್ಷದಲ್ಲಿ ಈರಣ್ಣ ಒಂದು ಸಲವೂ ಬಿದ್ದವನಲ್ಲ. ಅವನ ಹೆಂಡತಿ ಗಂಗಮ್ಮ ಕೆಳಗೆ ಉದುರಿದ ಕಾಳು ಆಯುತ್ತಿದ್ದಳು.

ಆ ವರ್ಷ ಜನವರಿಯಲ್ಲಿ ನಮ್ಮ ಕಡೆ ಒಂದು ಸಣ್ಣ ವಿಮಾನ ಕಾಣಿಸಿಕೊಳ್ಳತೊಡಗಿತು. ಆಲೂರು ತಾಲ್ಲೂಕಿನ ಕೆ. ಹೊಸಕೋಟೆ ಕಡೆಯ ದೊಡ್ಡ ಎಸ್ಟೇಟಿನ ಯಜಮಾನರೊಬ್ಬರು ತಮ್ಮ ಬಯಲು ಜಮೀನನ್ನು ಉದ್ದಕ್ಕೆ ಸಮ ಮಾಡಿಸಿ, ಎರಡು ಸೀಟಿನ ವಿಮಾನ ತಂದಿಟ್ಟಿದ್ದಾರೆ ಎಂದು ಜನ ಹೇಳುತ್ತಿದ್ದರು. ಅವರ ಹೆಸರು ಇಲ್ಲಿ ಬೇಡ. ಭಾನುವಾರ ಬಂತೆಂದರೆ ಬೆಳಿಗ್ಗೆ ಹತ್ತರ ಹೊತ್ತಿಗೆ ಮೋಟಾರ್ ಸೈಕಲ್ಲಿನ ಹಾಗೆ ಗುರ್ ಎನ್ನುತ್ತ ಅದು ಬರುತ್ತಿತ್ತು.

ಸುಳ್ಳು ಯಾಕೆ ಹೇಳಲಿ, ಮೊದಲೆರಡು ವಾರ ನಮಗೆಲ್ಲ ಅದೊಂದು ಹಬ್ಬವೇ ಆಗಿತ್ತು. ಅಲ್ಲಿಯವರೆಗೆ ವಿಮಾನ ಎಂದರೆ ಮೋಡದಾಚೆ ಹೋಗುವ ಬಿಳಿ ಗೆರೆ. ಇದು ಹಾಗಲ್ಲ, ಒಳಗೆ ಕೂತವರ ತಲೆ ಕಾಣುತ್ತಿತ್ತು. ಆಳುಗಳು ವಾಸವಿದ್ದ ಲೈನು ಮನೆಗಳ ಮಕ್ಕಳು ಹೋ ಎಂದು ಓಡುತ್ತಿದ್ದರು. ಆಳುಗಳು ಕೆಲಸ ಬಿಟ್ಟು ಟವೆಲ್ ಬೀಸುತ್ತಿದ್ದರು. ನಾನೂ ಕಣದಲ್ಲಿ ನಿಂತು ಸೆರಗು ಬೀಸಿದ್ದೇನೆ. ನಾವು ಬೀಸಿದಾಗ ವಿಮಾನ ಎಡಕ್ಕೊಮ್ಮೆ ಬಲಕ್ಕೊಮ್ಮೆ ರೆಕ್ಕೆ ಅಲ್ಲಾಡಿಸುತ್ತಿತ್ತು. "ನಮಗೇ ಕೈ ಬೀಸ್ತು ಕಣವ್ವ" ಎಂದು ಗಂಗಮ್ಮ ಮಗುವಿನ ಹಾಗೆ ನಕ್ಕಿದ್ದು ಈಗಲೂ ನೆನಪಿದೆ.

ಮೂರನೇ ವಾರದಿಂದ ಅದು ತೀರ ಕೆಳಗೆ ಬರತೊಡಗಿತು. ನಮ್ಮ ತೋಟದ ಹಿಂದೆ ಒಂದು ಗುಡ್ಡವಿದೆ. ಗುಡ್ಡದ ಆಚೆ ಬದಿಯಿಂದ ಬರುವಾಗ ಸದ್ದೇ ಕೇಳುತ್ತಿರಲಿಲ್ಲ. ನೆತ್ತಿ ದಾಟಿದ ಕೂಡಲೇ ತಲೆಯ ಮೇಲೆಯೇ ಬಿದ್ದಂತೆ ಎರಗುತ್ತಿತ್ತು. ಒಂದು ದಿನ ನಮ್ಮ ತುಂಬುಗಬ್ಬದ ಹಸು ಹಗ್ಗ ಹರಿದುಕೊಂಡು ಬೇಲಿಗೆ ನುಗ್ಗಿ ಹೊಟ್ಟೆ ಗೀರಿಕೊಂಡಿತು. ಇನ್ನೊಂದು ದಿನ ಈರಣ್ಣ ಚೀಲ ಅರ್ಧ ತುಂಬುವ ಮೊದಲೇ ಏಣಿಯಿಂದ ಇಳಿದು ಬಂದ.

"ಅಮ್ಮೋರೆ, ಮರ ಅದುರ್ತದೆ. ಏಣಿ ಮೇಲೆ ನಿಂತವನಿಗೆ ಗೊತ್ತಾಗ್ತದೆ ಕಣ್ರವ್ವ. ಆ ಯಜಮಾನ್ರಿಗೆ ಒಂದ್ ಮಾತು ಯೋಳಿಸ್ಬುಡಿ" ಎಂದ.

ನಾನು ರಾತ್ರಿ ನಮ್ಮ ಯಜಮಾನರ ಹತ್ತಿರ ಹೇಳಿದೆ. ಅವರು, "ದೊಡ್ಡವರ ಆಟ. ನಾಲ್ಕು ದಿನ ಆಡಿ ಬೇಜಾರಾದ್ರೆ ಬಿಡ್ತಾರೆ ಬಿಡು" ಎಂದರು. ನಾನೂ ಬಿಟ್ಟೆ. ಆ ವಾರವೇ ಹೋಗಿ ಹೇಳಬೇಕಿತ್ತು. ಹೇಳಿದ್ದರೆ ಕೇಳುತ್ತಿದ್ದರೋ ಇಲ್ಲವೋ, ಆದರೆ ಹೇಳದೇ ಉಳಿದದ್ದು ನನ್ನ ತಪ್ಪು.

ಫೆಬ್ರವರಿಯ ಆ ಭಾನುವಾರ ನಮ್ಮ ಯಜಮಾನರು ಹಾಸನದಲ್ಲಿ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದರು. ತೋಟದಲ್ಲಿ ಏಳು ಜನ ಆಳು. ಐದು ಜನ ಹೆಂಗಸರು, ಏಣಿಯ ಮೇಲೆ ಈರಣ್ಣ, ಅವನಿಗೆ ಏಣಿ ಹಿಡಿಯಲು ಕಾಳ ಎಂಬ ಇನ್ನೊಬ್ಬ ಆಳು. ತೋಟದ ಮೇಲಂಚಿನಲ್ಲಿ ಒಂದು ದೊಡ್ಡ ಬಸರಿ ಮರವಿದೆ. ಪ್ರತಿ ವರ್ಷ ಅದಕ್ಕೆ ಹೆಜ್ಜೇನು ಕಟ್ಟುತ್ತದೆ. ಆ ವರ್ಷ ಆರು ಹುಟ್ಟುಗಳಿದ್ದವು. ಒಂದೊಂದೂ ಮೊರದಗಲ. ಅದರಿಂದ ನಮಗೆ ಯಾವತ್ತೂ ತೊಂದರೆ ಆಗಿರಲಿಲ್ಲ. ಹೊಗೆ ಹಾಕದೆ, ಕಲ್ಲು ಎಸೆಯದೆ, ಗಲಾಟೆ ಮಾಡದೆ ನಮ್ಮ ಪಾಡಿಗೆ ನಾವಿದ್ದರೆ ಅವೂ ತಮ್ಮ ಪಾಡಿಗಿರುತ್ತವೆ. ಅಂದು ಈರಣ್ಣ ಹತ್ತಿದ್ದ ಸಿಲ್ವರ್ ಓಕ್, ಬಸರಿ ಮರದಿಂದ ಮೂವತ್ತು ಮಾರು ದೂರದಲ್ಲಿತ್ತು.

ನಾನು ಕಣದಲ್ಲಿ ಮೆಣಸು ಹರವುತ್ತಿದ್ದೆ. ಗುಡ್ಡದ ನೆತ್ತಿಯಿಂದ ಬಂದ ವಿಮಾನ ನಾನು ತಲೆ ಎತ್ತುವಷ್ಟರಲ್ಲಿ ಬಸರಿ ಮರದ ಮೇಲಿತ್ತು. ಅದರ ಚಕ್ರಕ್ಕೂ ಮರದ ತುದಿಗೂ ಒಂದು ಏಣಿ ಅಂತರ ಇದ್ದಿರಬೇಕು, ಅಷ್ಟೆ. ಮರದ ಎಲೆಗಳೆಲ್ಲ ಮಗುಚಿಕೊಂಡವು. ಸದ್ದು ಎದೆಗೆ ಹೊಡೆದ ಹಾಗಾಯಿತು. ಅದು ದಾಟಿ ಕೆಳಗಿನ ಗದ್ದೆ ಬಯಲಿಗೆ ಇಳಿದುಹೋಯಿತು.

ಒಂದು ಕ್ಷಣ ಏನೂ ಇಲ್ಲ. ಆಮೇಲೆ ಬಸರಿ ಮರದಿಂದ ಕಪ್ಪು ಹೊಗೆ ಎದ್ದಂತೆ ಕಂಡಿತು. ಅದು ಹೊಗೆಯಲ್ಲ, ಜೇನು.

"ಜೇನು ಎದ್ವು! ಮಲಕ್ಕಳ್ರೇ!" ಎಂದು ಕಾಳ ಕೂಗಿಕೊಂಡ. ಹೆಂಗಸರು ಕಾಫಿ ಗಿಡದ ಬುಡಕ್ಕೆ ಬೋರಲು ಬಿದ್ದರು. ಅಷ್ಟರಲ್ಲಿ ಅವು ಮುತ್ತಿಯಾಗಿತ್ತು. ಹೆಜ್ಜೇನಿನ ಕಡಿತ ಕಂಡವರಿಗೆ ಗೊತ್ತು, ಒಂದು ಕಡಿದರೆ ಆ ವಾಸನೆಗೆ ನೂರು ಬರುತ್ತವೆ. ಹೆಂಗಸರು ಮಲಗಲಾಗದೆ ಎದ್ದು ಓಡಿದರು. ಟವೆಲ್ಲು, ಸೆರಗು, ತಲೆಗೆ ಕಟ್ಟಿದ್ದ ಬಟ್ಟೆ, ಕೈಗೆ ಸಿಕ್ಕಿದ್ದನ್ನು ತಲೆಯ ಸುತ್ತ ಬೀಸುತ್ತ ಬಯಲಿನ ಕಡೆ ಓಡಿದರು.

ನಾನು ಮನೆಗೆ ಓಡಿ ಕಂಬಳಿ ತಂದೆ. ಎಲ್ಲರೂ ಓಡಬಹುದಿತ್ತು, ಈರಣ್ಣ ಓಡುವಂತಿರಲಿಲ್ಲ. ಅವನು ಮೂವತ್ತು ಅಡಿ ಮೇಲೆ ಒಂದು ಬಿದಿರಿನ ಗಳುವಿನ ಮೇಲೆ ನಿಂತಿದ್ದ. ಒಂದು ಕೈಯಲ್ಲಿ ಮರ ತಬ್ಬಿಕೊಂಡು ಮುಖವನ್ನು ಬಳ್ಳಿಯ ಎಲೆಯೊಳಗೆ ಹುದುಗಿಸಿದ್ದ. ಅಂಗಿಯೇ ಕಾಣದಷ್ಟು ಜೇನು ಬೆನ್ನಿನ ಮೇಲೆ. ಆದರೂ ಎಚ್ಚರ ತಪ್ಪಿರಲಿಲ್ಲ. ಕಾಲಿನಿಂದ ತಡವುತ್ತ ಒಂದೊಂದೇ ಮೋಟು ಇಳಿಯುತ್ತಿದ್ದ. ಕಾಳ ಅಷ್ಟು ಕಡಿಸಿಕೊಂಡರೂ ಏಣಿಯ ಬುಡ ಬಿಟ್ಟು ಕದಲಲಿಲ್ಲ. ಆ ಮನುಷ್ಯನಿಗೆ ನಾನು ಇವತ್ತಿಗೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಆಗ ವಿಮಾನ ಮತ್ತೆ ಬಂತು.

ಗದ್ದೆ ಬಯಲಿನ ಮೇಲೆ ಒಂದು ಸುತ್ತು ತಿರುಗಿ, ನಮ್ಮ ಕಡೆಗೇ ಮುಖ ಮಾಡಿ, ಮೊದಲಿಗಿಂತ ಕೆಳಗೆ ಬಂತು. ಬಯಲಿನಲ್ಲಿ ಬಟ್ಟೆ ಬೀಸುತ್ತ ಓಡುತ್ತಿದ್ದ ಹೆಂಗಸರನ್ನು ನೋಡಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ರೆಕ್ಕೆ ಅಲ್ಲಾಡಿಸಿತು. ನಾನು ಕಂಬಳಿಯನ್ನು ಹೆಗಲಿಗೆ ಹಾಕಿ ನಿಂತಲ್ಲೇ, "ಹೋಗು! ಹೋಗು!" ಎಂದು ಗಂಟಲು ಹರಿಯುವ ಹಾಗೆ ಕೂಗಿದೆ, ಎರಡೂ ಕೈ ಎತ್ತಿ ಆಚೆಗೆ ತಳ್ಳುವ ಸನ್ನೆ ಮಾಡಿದೆ. ಒಳಗೆ ಕೂತಿದ್ದವರಲ್ಲಿ ಒಬ್ಬರು ನನಗೆ ಕೈ ಬೀಸಿದರು. ಕಣ್ಣಾರೆ ಕಂಡೆ.

ಮರದ ತಲೆ ಸವರಿಕೊಂಡು ಅದು ದಾಟಿದಾಗ ಉಳಿದಿದ್ದ ಹುಟ್ಟುಗಳ ಜೇನೂ ಎದ್ದವು. ಈರಣ್ಣ ಅಷ್ಟರಲ್ಲಿ ಅರ್ಧ ಇಳಿದಿದ್ದ. ಎರಡನೆಯ ಸಲದ ಸದ್ದಿಗೆ ಏಣಿ ಅದುರಿತೋ, ಅವನ ಕೈ ಸೋತಿತೋ ಗೊತ್ತಿಲ್ಲ. ಹದಿನೈದು ಅಡಿ ಎತ್ತರದಿಂದ ಪಕ್ಕೆ ಕೊಟ್ಟು ಬಿದ್ದ. ಬಿದ್ದ ಸದ್ದು ಇಷ್ಟೇ, ಒಂದು ಮೂಟೆ ಇಳಿಸಿದ ಹಾಗೆ.

ಕಾಳ ಮತ್ತು ನಾನು ಅವನ ಮೇಲೆ ಕಂಬಳಿ ಹೊದಿಸಿ, ನಾವೂ ಅದರೊಳಗೆ ತಲೆ ತೂರಿಸಿ ಮಲಗಿದೆವು. ಗಂಗಮ್ಮ ಬಯಲಿನಿಂದ ತಿರುಗಿ ಓಡಿಬಂದು ತರಗೆಲೆ ರಾಶಿ ಹಾಕಿ ಬೆಂಕಿ ಕೊಟ್ಟಳು. ಹಸಿ ಸೊಪ್ಪು ಮುಚ್ಚಿ ಹೊಗೆ ಎಬ್ಬಿಸಿದಳು. ಅವಳ ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಆ ಹೊಗೆ ಇಲ್ಲದಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲವೇನೋ. ಕಂಬಳಿಯೊಳಗೆ ಈರಣ್ಣ ಹೇಳಿದ್ದು ಒಂದೇ ಮಾತು. "ಅಮ್ಮೋರೆ, ಸೊಂಟದ ಕೆಳಗೆ ಏನೂ ಗೊತ್ತಾಗ್ತಿಲ್ಲ ಕಣವ್ವ."

ಜೇನು ಸ್ವಲ್ಪ ಕಡಿಮೆಯಾದ ಮೇಲೆ ನಾನು ರಸ್ತೆಗೆ ಓಡಿದೆ. ಬೆಳಗೋಡು ಕಡೆಯಿಂದ ಒಂದು ಖಾಸಗಿ ಬಸ್ಸು ಬರುತ್ತಿತ್ತು. ನಡುರಸ್ತೆಯಲ್ಲಿ ಅಡ್ಡ ನಿಂತೆ. ನನ್ನ ಊದಿದ ಮುಖ ನೋಡಿ ಕಂಡಕ್ಟರ್ ಇಳಿದವನೇ, ಬೇರೆ ಏನೂ ಕೇಳದೆ, "ಎಷ್ಟ್ ಜನ ಅಕ್ಕ?" ಎಂದ. ಅವನೂ ಇಬ್ಬರು ಪ್ರಯಾಣಿಕರೂ ತೋಟಕ್ಕೆ ಬಂದರು. ಮೆಣಸು ಒಣಗಿಸುವ ಟಾರ್ಪಾಲಿನಲ್ಲಿ ಈರಣ್ಣನನ್ನು ಮಲಗಿಸಿ ನಾಲ್ಕು ಮೂಲೆ ಹಿಡಿದು ತಂದರು. ಅವರಿಗೂ ಕಡಿತ ಬಿದ್ದವು. ಡ್ರೈವರ್ ಆಮೇಲೆ ಒಂದು ಸ್ಟಾಪಿನಲ್ಲೂ ಬಸ್ಸು ನಿಲ್ಲಿಸಲಿಲ್ಲ. ಇಳಿಯಬೇಕಾದ ಜನರೂ ಇಳಿಸಿ ಅನ್ನಲಿಲ್ಲ. ಬಸ್ಸು ನೇರ ಸಕಲೇಶಪುರದ ಆಸ್ಪತ್ರೆಯ ಬಾಗಿಲಿಗೇ ಹೋಯಿತು.

ಆಸ್ಪತ್ರೆಯಲ್ಲಿ ಇಬ್ಬರು ನರ್ಸುಗಳು ಕೂತು ಈರಣ್ಣನ ಮೈಯಿಂದ ಮುಳ್ಳು ತೆಗೆದರು. ಇನ್ನೂರರವರೆಗೆ ಎಣಿಸಿ ಆಮೇಲೆ ಎಣಿಸುವುದು ಬಿಟ್ಟರಂತೆ. ಸೊಂಟದ ಮೂಳೆ ಎರಡು ಕಡೆ ಮುರಿದಿತ್ತು. ಅಲ್ಲಿಂದ ಹಾಸನಕ್ಕೆ ಕರೆದುಕೊಂಡು ಹೋದೆವು. ಮೂರು ದಿನ ಉಳಿಯುತ್ತಾನೋ ಇಲ್ಲವೋ ಎಂಬ ಸ್ಥಿತಿ. ನಾಲ್ಕನೇ ದಿನ ಕಣ್ಣು ಬಿಟ್ಟು ನೀರು ಕೇಳಿದ. ಉಳಿದುಕೊಂಡ. ಆದರೆ ಎಡಗಾಲು ಎರಡು ಇಂಚು ಗಿಡ್ಡವಾಯಿತು. ಇನ್ನು ಏಣಿ ಹತ್ತುವುದು ಇರಲಿ, ಕುಕ್ಕರಗಾಲಲ್ಲಿ ಕೂರುವುದೂ ಕಷ್ಟ ಎಂದು ಡಾಕ್ಟರು ಹೇಳಿದರು.

ಐದನೇ ದಿನ ನಾನು ಠಾಣೆಗೆ ಹೋದೆ. ಯಾವ ಠಾಣೆ ಎಂದು ಹೇಳುವುದಿಲ್ಲ. ಅಲ್ಲಿದ್ದವರು ನನ್ನ ಮಾತು ಪೂರ್ತಿ ಕೇಳಿದರು.

"ಬಿದ್ದದ್ದು ಯಾತಕ್ಕಮ್ಮ?"

"ಜೇನು ಕಡಿದು."

"ಜೇನು ಯಾರ್ದು?"

"ಜೇನು ಯಾರದಾದ್ರೇನು ಸಾರ್? ಎಬ್ಬಿಸಿದ್ದು ವಿಮಾನ."

"ನೋಡಿಯಮ್ಮ, ಲಾರಿ ಗುದ್ದಿದ್ರೆ ನಂಬರ್ ಬರ್ಕೊಂಡು ಕೇಸ್ ಹಾಕ್ತೀವಿ. ಆಕಾಶದಾಗೆ ಹೋಗೋದ್ರ ಮೇಲೆ ನಾವೇನ್ ಹಾಕೋದು? ನಿಮ್ಮ ತೋಟದಾಗೆ ಜೇನು ಇಟ್ಕೊಂಡು ಆಳು ಹತ್ತಿಸಿದ್ದು ನಿಮ್ಮ ತಪ್ಪು ಅಂತ ಅವ್ರು ಅಂದ್ರೆ?" ಎಂದು ನಕ್ಕರು. ಪಕ್ಕದಲ್ಲಿದ್ದವರೂ ನಕ್ಕರು. ಕೊಟ್ಟ ಅರ್ಜಿಯನ್ನು ಮಡಚಿ ಒಂದು ರಿಜಿಸ್ಟರಿನ ಕೆಳಗೆ ಇಟ್ಟುಕೊಂಡರು. ಆ ಅರ್ಜಿ ಇಂದಿಗೂ ಅಲ್ಲೇ ಇರಬಹುದು.

ನನ್ನ ಅಣ್ಣ ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತನಾಗಿ ಹಾಸನದಲ್ಲಿದ್ದ. ಈರಣ್ಣನನ್ನು ನೋಡಲು ಆಸ್ಪತ್ರೆಗೆ ಬಂದಿದ್ದವನಿಗೆ ಎಲ್ಲ ಹೇಳಿದೆ. ಅವನು ಹಣೆ ಚಚ್ಚಿಕೊಂಡ.

"ಜನ ಇರೋ ಕಡೆ ಇಷ್ಟು ಎತ್ತರಕ್ಕಿಂತ ಕೆಳಗೆ ಬರಬಾರದು ಅಂತ ನಿಯಮವೇ ಇದೆ ಕಣಮ್ಮ. ಅದು ಬಿಡು, ಗುಡ್ಡದ ಸೀಮೆಯಲ್ಲಿ ಕೆಳಗೆ ಹಾರೋನು ತನ್ನ ಪ್ರಾಣಕ್ಕೂ ಬೆಲೆ ಕೊಡ್ತಿಲ್ಲ ಅಂತ ಅರ್ಥ. ಕರೆಂಟ್ ತಂತಿ ಮೇಲಿಂದ ಕಾಣಲ್ಲ. ಗುಡ್ಡ ದಾಟಿದ ಕೂಡ್ಲೇ ಗಾಳಿ ಕೆಳಕ್ಕೆ ಎಳೀತದೆ. ಎಂಜಿನ್ ನಿಂತ್ರೆ ಮೇಲಿದ್ದೋನಿಗೆ ಜಾಗ ಹುಡುಕೋಕೆ ಟೈಮ್ ಇರ್ತದೆ, ಕೆಳಗಿದ್ದೋನಿಗೆ ಏನಿರ್ತದೆ? ಸೀದಾ ನಿಮ್ಮ ಮನೆ ಹೆಂಚಿನ ಮೇಲೆ."

ಅಂದರೆ ನಾವು ಬಟ್ಟೆ ಬೀಸಿ ನಕ್ಕಿದ್ದ ಆ ಭಾನುವಾರಗಳಲ್ಲೆಲ್ಲ ಸಾವು ನಮ್ಮ ತಲೆಯ ಮೇಲೆ ಸುತ್ತುತ್ತಿತ್ತು. ಅದನ್ನು ಕೇಳಿದ ಮೇಲೆ ನನಗೆ ಕೂರಲಾಗಲಿಲ್ಲ. ಮರುದಿನವೇ ಗಂಗಮ್ಮನನ್ನು ಕರೆದುಕೊಂಡು, ಎರಡು ಬಸ್ಸು ಬದಲಾಯಿಸಿ, ಆ ಎಸ್ಟೇಟಿಗೆ ಹೋದೆ.

ಎಸ್ಟೇಟಿನ ಯಜಮಾನರು ಬಂಗಲೆಯ ಜಗಲಿಯಲ್ಲಿದ್ದರು. ಐವತ್ತರ ಹತ್ತಿರದ, ನೋಡಲು ಲಕ್ಷಣವಾದ ಮನುಷ್ಯ. ಮಾತು ಮೃದು. ನನಗೆ ಕುರ್ಚಿ ಹಾಕಿಸಿದರು. ಗಂಗಮ್ಮನಿಗೆ ಹಾಕಿಸಲಿಲ್ಲ. ನಾನೂ ಕೂರಲಿಲ್ಲ. ನಡೆದದ್ದನ್ನೆಲ್ಲ ಹೇಳಿದೆ.

ಅವರು ನಿಜವಾಗಿಯೂ ಆಶ್ಚರ್ಯಪಟ್ಟರು. "ಅಯ್ಯೋ, ಹೌದಾ? ಆವತ್ತು ನೀವೆಲ್ಲ ಬಟ್ಟೆ ಬೀಸ್ತಾ ಓಡ್ತಿದ್ರಿ. ಎಷ್ಟು ಖುಷಿಯಾಗಿದಾರೆ ನೋಡು ಅಂತ ನಾನು ಫ್ರೆಂಡಿಗೆ ಹೇಳ್ದೆ. ಅದಕ್ಕೇ ಇನ್ನೊಂದು ರೌಂಡ್ ಬಂದ್ವಿ."

"ಬೀಸಿದ್ದು ಜೇನಿಗೆ ಸ್ವಾಮಿ" ಎಂದಳು ಗಂಗಮ್ಮ.

"ಮೇಲಿಂದ ಜೇನು ಕಾಣುತ್ತೇನಮ್ಮ? ಯಾವಾಗ್ಲೂ ನೀವು ಬೀಸ್ತಿದ್ರಿ, ಅಲ್ವಾ? ನೀವು ಬೀಸಿದ್ದಕ್ಕೇ ತಾನೇ ನಾನು ಕೆಳಗೆ ಬಂದಿದ್ದು?" ಎಂದು ನನ್ನ ಕಡೆ ನೋಡಿದರು.

ಹೌದು, ಬೀಸಿದ್ದೆ. ಅದಕ್ಕೆ ನಾಚಿಕೆಯೂ ಆಯಿತು. ಆದರೆ ಮರುಕ್ಷಣ ಆ ನಾಚಿಕೆಗಿಂತ ದೊಡ್ಡದಾಗಿ ಸಿಟ್ಟು ಬಂತು. ದಾರಿಯಲ್ಲಿ ಹೋಗುವ ಕಾರಿಗೆ ಮಕ್ಕಳು ಕೈ ಬೀಸಿದರೆ, ಕಾರನ್ನು ಮಕ್ಕಳ ಮೇಲೆ ಓಡಿಸುತ್ತಾರೆಯೇ?

"ನಮಗೆ ವಿಮಾನ ಗೊತ್ತಿಲ್ಲ, ಬೀಸಿದ್ವಿ. ನಿಮಗೆ ಗೊತ್ತಿತ್ತಲ್ಲ? ಏಣಿ ಮೇಲೆ ಮನುಷ್ಯ ನಿಂತಿದ್ದು ಕಾಣಲಿಲ್ವಾ?" ಎಂದೆ.

"ಇಲ್ಲ, ಮರ ಮಾತ್ರ ಕಾಣುತ್ತೆ" ಎಂದರು. ಆಮೇಲೆ, ನಮ್ಮನ್ನು ಸಮಾಧಾನ ಮಾಡುವ ಹಾಗೆ ಮುಗುಳ್ನಕ್ಕು, "ನೀವು ಹೆದರಿದ್ದೀರಿ, ಅದಕ್ಕೇ ಹಿಂಗನ್ಸುತ್ತೆ. ಬೇಕಾದ್ರೆ ಒಂದ್ಸಲ ನಿಮ್ಮಿಬ್ಬರ್ನೂ ಕೂರಿಸ್ಕೊಂಡು ರೌಂಡ್ ಹೊಡೆಸ್ತೀನಿ. ಮೇಲಿಂದ ನಿಮ್ಮ ತೋಟ ಎಷ್ಟು ಚೆಂದ ಕಾಣುತ್ತೆ ಗೊತ್ತಾ?" ಎಂದರು.

ಗಂಡ ಆಸ್ಪತ್ರೆಯಲ್ಲಿ ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿರುವ ಹೆಂಗಸಿಗೆ ಹೇಳಿದ ಮಾತು ಅದು. ಗಂಗಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ನಾವ್ ಮ್ಯಾಲಕ್ಕೆ ಬರೋದು ಬ್ಯಾಡ ಸ್ವಾಮಿ. ನೀವೇ ಒಂದ್ ಸಾರಿ ಬಂದು ನನ್ ಗಂಡನ ಏಣಿ ಹತ್ತಿ ನಿಂತ್ಕಳಿ. ನಿಮ್ ಫ್ರೆಂಡು ವಿಮಾನ ಓಡಿಸ್ಲಿ. ಅದಾದ್ ಮ್ಯಾಕೆ ನಾನು ಏನೂ ಕೇಳಾಕಿಲ್ಲ" ಎಂದಳು.

ಅವರ ಮುಖ ಬದಲಾಯಿತು. ಕಾಫಿ ತರಲು ಹೇಳಿದ್ದವರು ಅದನ್ನು ಮರೆತರು. ಆಕಾಶ ಯಾರಪ್ಪನ ಸ್ವತ್ತೂ ಅಲ್ಲ, ನನ್ನ ಹತ್ತಿರ ಲೈಸೆನ್ಸ್ ಇದೆ, ಏನಿದ್ದರೂ ಕೋರ್ಟಿನಲ್ಲಿ ಕೇಳಿ ಎಂದು ಹೇಳಿ ಒಳಗೆ ಹೋದರು.

ಅಣ್ಣ ಕೂತು ಮೂರು ಸರ್ಕಾರಿ ಕಚೇರಿಗಳಿಗೆ ದೂರು ಬರೆದುಕೊಟ್ಟ. ರಿಜಿಸ್ಟರ್ಡ್ ಅಂಚೆಯಲ್ಲಿ ಹಾಕಿದೆವು. ಎರಡು ಕಡೆಯಿಂದ ಉತ್ತರವೇ ಇಲ್ಲ. ಒಂದು ಕಡೆಯಿಂದ, ನಿಮ್ಮ ಪತ್ರವನ್ನು ಸಂಬಂಧಪಟ್ಟವರಿಗೆ ಕಳುಹಿಸಲಾಗಿದೆ ಎಂದು ಎರಡು ಸಾಲು ಬಂತು. ಸಂಬಂಧಪಟ್ಟವರು ಯಾರು ಎಂದು ಅದರಲ್ಲಿ ಇರಲಿಲ್ಲ. ಈರಣ್ಣ ಆಸ್ಪತ್ರೆಯಲ್ಲಿ ಇರುವಾಗಲೇ ಮುಂದಿನ ಭಾನುವಾರ ಆ ವಿಮಾನ ಮತ್ತೆ ಹಾರಿತು. ನಮ್ಮ ತೋಟದ ಮೇಲೆ ಬರಲಿಲ್ಲ, ಪಕ್ಕದ ಊರಿನ ಮೇಲೆ ಹೋಯಿತು. ಅಲ್ಲಿಯೂ ಮರದ ಮೇಲೆ ಏಣಿಗಳಿದ್ದವು, ಏಣಿಯ ಮೇಲೆ ಮನುಷ್ಯರಿದ್ದರು.

ಕೊನೆಗೆ ದಾರಿ ತೋರಿಸಿದವನು ಕಾಳ. ನಾನಾಗಲೀ ನಮ್ಮ ಯಜಮಾನರಾಗಲೀ ಅಲ್ಲ. ಮೈಯೆಲ್ಲ ಇನ್ನೂ ಗಂಟುಗಂಟಾಗಿದ್ದಾಗಲೇ ಅವನು ಊರೂರು ತಿರುಗಿದ್ದ. ನಮ್ಮ ಕಡೆ, ಆಲೂರು ಕಡೆ, ದೋಣಿಗಲ್ ಕಡೆ ಏಣಿ ಹತ್ತಿ ಮೆಣಸು ಕೊಯ್ಯುವವರು ಒಬ್ಬರಿಗೊಬ್ಬರು ಗೊತ್ತಿರುವವರೇ. ಒಂದು ಸಂಜೆ ನಮ್ಮ ಕಣಕ್ಕೆ ಬಂದು ಹೇಳಿದ.

"ಅಮ್ಮೋರೆ, ಆ ಯಜಮಾನ್ರ ಎಸ್ಟೇಟ್‌ನಾಗೆ ಮೆಣಸು ಇನ್ನೂ ಮುಕ್ಕಾಲು ಪಾಲು ಮರದ ಮೇಲೇ ಐತೆ. ನಾಳೆಯಿಂದ ಅಲ್ಲಿ ಯಾರೂ ಏಣಿ ಇಕ್ಕಾಕಿಲ್ಲ. ಎಲ್ರೂ ಮಾತು ಕೊಟ್ಬುಟ್ಟವ್ರೆ."

"ಜಾಸ್ತಿ ಕೂಲಿ ಕೊಡ್ತೀನಿ ಅಂದ್ರೆ ಹೋಗಲ್ವೇನೋ?" ಎಂದೆ.

"ಯಾರ್ ಹೋಯ್ತಾರವ್ವ? ಇವತ್ತು ಈರಣ್ಣ, ನಾಳೆ ನಾವು. ಏಣಿ ಎಲ್ರದ್ದೂ ಒಂದೇ ಅಲ್ವಾ?"

ಹಾಗೆಯೇ ನಡೆಯಿತು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಜೀಪು ತೆಗೆದುಕೊಂಡು ಲೈನು ಲೈನು ಸುತ್ತಿದರು. ಒಬ್ಬರೂ ಬರಲಿಲ್ಲ. ಹೊರಗಿನಿಂದ ನಾಲ್ಕು ಜನರನ್ನು ಕರೆತಂದರಂತೆ. ಅವರು ಒಂಟಿ ಏಣಿ ನೋಡಿಯೇ ಹಿಂದೆ ಸರಿದರು. ಹಣ್ಣಾದ ಮೆಣಸು ಮರದ ಮೇಲೆ ನಿಲ್ಲುವುದಿಲ್ಲ, ಉದುರುತ್ತದೆ, ಹಕ್ಕಿ ತಿನ್ನುತ್ತದೆ. ಒಂಬತ್ತನೇ ದಿನ ರೈಟರ್ ನಮ್ಮ ಮನೆಯ ಹತ್ತಿರ ಬಂದು, ಜೀಪಿನಿಂದ ಇಳಿಯದೆಯೇ, "ಯಜಮಾನ್ರು ಇನ್ನ ವಿಮಾನ ಹಾರ್ಸಲ್ವಂತೆ. ಆಳಿಗೆ ಹೇಳಿ ಕಳ್ಸಿ ಮಾರಾಯ್ರೇ, ಮೆಣಸು ಮಣ್ಣಾಗ್ತಾ ಐತೆ" ಎಂದರು.

ಕಾಳ ಅಷ್ಟಕ್ಕೇ ಒಪ್ಪಲಿಲ್ಲ. ಅವನೂ ಇನ್ನಿಬ್ಬರೂ ಹೋಗಿ, ವಿಮಾನವನ್ನು ಶೆಡ್ಡಿನೊಳಗೆ ನಿಲ್ಲಿಸಿ ಬೀಗ ಹಾಕಿದ್ದನ್ನು ಕಣ್ಣಾರೆ ನೋಡಿ ಬಂದ ಮೇಲೆಯೇ ಏಣಿಗಳು ಎದ್ದವು. ಮರುವರ್ಷ ಅದನ್ನು ಯಾರಿಗೋ ಮಾರಿದರು ಎಂದು ಕೇಳಿದೆ.

ಜನ ನನಗೆ, ಗೆದ್ದಿರಲ್ಲ ಎಂದರು. ನನಗೆ ಹಾಗೆ ಅನ್ನಿಸಲಿಲ್ಲ. ಸೊಂಟ ಮುರಿದ ಮನುಷ್ಯನಿಗೆ ಆ ಯಜಮಾನರು ಜಗ್ಗಲಿಲ್ಲ, ಕಾನೂನಿಗೆ ಜಗ್ಗಲಿಲ್ಲ, ಉದುರುವ ಮೆಣಸಿಗೆ ಜಗ್ಗಿದರು. ಒಂದು ದಿನವೂ ಆಸ್ಪತ್ರೆಗೆ ಬರಲಿಲ್ಲ. ಒಬ್ಬರನ್ನು ಕಳುಹಿಸಿ ಹೇಗಿದ್ದಾನೆ ಎಂದು ಕೇಳಿಸಲೂ ಇಲ್ಲ. ಈರಣ್ಣ ಆರು ತಿಂಗಳ ಮೇಲೆ ಕೋಲು ಹಿಡಿದು ನಡೆದ. ನಮ್ಮ ಕಣದಲ್ಲಿ ಮೆಣಸು ಕಾಯುವ, ಕಾಫಿ ತಿರುವುವ ಕೆಲಸಕ್ಕೆ ಬರತೊಡಗಿದ. ಕೊಯ್ಲಿನ ಕಾಲದಲ್ಲಿ ಬೇರೆಯವರು ಏಣಿ ಹತ್ತುವಾಗ ಮಾತ್ರ ಅವನು ಕಣದ ಕಡೆ ತಿರುಗಿ ಕೂರುತ್ತಿದ್ದ, ಮರದ ಕಡೆ ನೋಡುತ್ತಿರಲಿಲ್ಲ.

ಏಳು ವರ್ಷದ ನಂತರ ಸಕಲೇಶಪುರದ ಒಂದು ಕಲ್ಯಾಣ ಮಂಟಪದಲ್ಲಿ, ಇಬ್ಬರಿಗೂ ಬೇಕಾದವರ ಮದುವೆಯಲ್ಲಿ, ನಾನು ಆ ಯಜಮಾನರನ್ನು ಮತ್ತೆ ನೋಡಿದೆ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವರೇ ನನ್ನನ್ನು ಗುರುತು ಹಿಡಿದರು. ಸುತ್ತ ನಿಂತಿದ್ದ ನಾಲ್ಕೈದು ಜನರಿಗೆ ನನ್ನನ್ನು ತೋರಿಸಿ, "ನನ್ನ ವಿಮಾನ ಕೆಳಗಿಳಿಸಿದ ಮೇಡಂ ಇವರೇ ನೋಡಿ" ಎಂದು ಜೋರಾಗಿ ನಕ್ಕರು. ಅದೊಂದು ಹಳೆಯ ತಮಾಷೆ ಎಂಬಂತೆ ಅವರೆಲ್ಲರೂ ನಕ್ಕರು.

"ಈರಣ್ಣನೂ ಬಂದಿದ್ದಾನೆ. ಊಟಕ್ಕೆ ಕೂತಿದ್ದಾನೆ. ಬನ್ನಿ, ಮಾತಾಡಿಸಿ" ಎಂದೆ.

ಅವರು ಹುಬ್ಬು ಗಂಟಿಕ್ಕಿ ಯೋಚಿಸಿದರು.

"ಯಾವ ಈರಣ್ಣ?" ಎಂದರು.

ಅದು ನಟನೆಯಲ್ಲ. ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಆ ಹೆಸರು ಅವರ ಕಿವಿಗೆ ಬಿದ್ದಿದ್ದರೂ ಒಳಗೆ ಇಳಿದಿರಲಿಲ್ಲ. ವಿಮಾನ ಕಳೆದುಕೊಂಡದ್ದು ನೆನಪಿತ್ತು, ಕಳೆಯುವಂತೆ ಮಾಡಿದ ಹೆಂಗಸು ನೆನಪಿದ್ದಳು, ಮುರಿದ ಮನುಷ್ಯ ನೆನಪಿರಲಿಲ್ಲ.

ನಾನು ಊಟದ ಹಾಲಿಗೆ ಹೋಗಿ, ಕೈ ತೊಳೆದು ಬರುತ್ತಿದ್ದ ಈರಣ್ಣನನ್ನು ಕರೆದುಕೊಂಡು ಬಂದೆ. ಅವನು ಕೋಲೂರಿಕೊಂಡು ಕುಂಟುತ್ತ ಬಂದು ಅವರ ಮುಂದೆ ನಿಂತ. "ಈರಣ್ಣ, ಇವರೇ ಆ ವಿಮಾನದ ಯಜಮಾನ್ರು" ಎಂದೆ.

ಈರಣ್ಣ ಅವರ ಮುಖವನ್ನು ಬಹಳ ಹೊತ್ತು ನೋಡಿದ. ಕೈ ಮುಗಿಯಲಿಲ್ಲ.

"ನಂಗೆ ಇವ್ರ ಗುರ್ತೇ ಇಲ್ಲ ಕಣವ್ವ. ಆವತ್ತು ಕೆಳಗಡೆಯಿಂದ ವಿಮಾನದ ಹೊಟ್ಟೆ ಮಾತ್ರ ಕಂಡಿದ್ದು" ಎಂದ.

ಅಲ್ಲಿ ಯಾರೂ ನಗಲಿಲ್ಲ. ಯಜಮಾನರು ಜೇಬಿನಿಂದ ಮೊಬೈಲ್ ತೆಗೆದು, ಯಾವುದೋ ಕಾಲ್ ಬಂದಂತೆ ಕಿವಿಗಿಟ್ಟುಕೊಂಡು ಹೊರಗೆ ಹೋದರು. ಮೊಬೈಲ್ ರಿಂಗಾದದ್ದನ್ನು ನಾನು ಕೇಳಲಿಲ್ಲ.

ಈಗ ನನಗೆ ವಯಸ್ಸಾಗಿದೆ. ವಯಸ್ಸಾದಂತೆ ಕೋಪ ತಣ್ಣಗಾಗುತ್ತದೆ ಎನ್ನುತ್ತಾರೆ. ಎಷ್ಟೋ ವಿಷಯಗಳಲ್ಲಿ ನನಗೂ ತಣ್ಣಗಾಗಿದೆ. ಅಂದು ಸೆರಗು ಬೀಸಿದ ನನ್ನನ್ನು ನಾನು ಕ್ಷಮಿಸಿಕೊಂಡಿದ್ದೇನೆ, ನಕ್ಕ ಪೊಲೀಸಿನವರನ್ನೂ ಮರೆತಿದ್ದೇನೆ. ಆದರೆ "ಯಾವ ಈರಣ್ಣ?" ಎಂಬ ಆ ಎರಡು ಮಾತು ನೆನಪಾದಾಗಲೆಲ್ಲ ಇವತ್ತಿಗೂ ಮೈ ಉರಿಯುತ್ತದೆ. ಆ ಉರಿ ಆರಲಿ ಎಂದು ನಾನು ಯಾವ ದೇವರಿಗೂ ಹರಕೆ ಹೊತ್ತಿಲ್ಲ.